ಒಂಬತ್ತನೆಯ ಅಂತಸ್ತಿನ ಬಾಗಿಲು: ಟ್ರಯಾಂಗಲ್ ಕಾರ್ಖಾನೆಯ ಬೆಂಕಿ, 1911

1911ರ ಮಾರ್ಚ್ 25ರ ಶನಿವಾರ ಸಂಜೆ ಸುಮಾರು 4 ಗಂಟೆ 40 ನಿಮಿಷಕ್ಕೆ ನ್ಯೂಯಾರ್ಕ್ ನಗರದ ಮ್ಯಾನ್‌ಹಾಟನ್‌ನಲ್ಲಿ, ವಾಷಿಂಗ್ಟನ್ ಪ್ಲೇಸ್ ಮತ್ತು ಗ್ರೀನ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿದ್ದ ಆಶ್ ಕಟ್ಟಡದ ಎಂಟನೆಯ ಅಂತಸ್ತಿನಲ್ಲಿ ಬೆಂಕಿ ಹತ್ತಿಕೊಂಡಿತು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಆಗಬಾರದ್ದೆಲ್ಲ ಆಗಿಹೋಗಿತ್ತು. ಸತ್ತವರು 146 ಮಂದಿ. ಅವರಲ್ಲಿ 123 ಮಂದಿ ಹೆಂಗಸರು ಮತ್ತು ಹುಡುಗಿಯರು, 23 ಮಂದಿ ಗಂಡಸರು. ಹೆಚ್ಚಿನವರು ಪೂರ್ವ ಯುರೋಪಿನ ಯಹೂದಿ ಮತ್ತು ಇಟಲಿಯ ವಲಸೆ ಕುಟುಂಬಗಳಿಂದ ಬಂದವರು; ಅತಿ ಚಿಕ್ಕವರಿಗೆ ಹದಿನಾಲ್ಕು ವರ್ಷ.

ಅಮೆರಿಕ ಕೈಗಾರಿಕಾ ರಾಷ್ಟ್ರವಾಗಿ ಬೆಳೆದ ದಶಕಗಳಲ್ಲಿ ಗಣಿ, ರೈಲು ಮತ್ತು ಉಕ್ಕಿನ ಕಾರ್ಖಾನೆಗಳಲ್ಲಿ ಇದಕ್ಕಿಂತ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡ ದುರಂತಗಳು ನಡೆದಿವೆ. ಆದರೂ ಅಧ್ಯಯನಕ್ಕಾಗಿ ಒಂದೇ ಪ್ರಕರಣವನ್ನು ಆರಿಸಬೇಕಾದಲ್ಲಿ ನಾನು ಇದನ್ನೇ ಆರಿಸುತ್ತೇನೆ. ಇಲ್ಲಿ ಅಪಾಯ ಯಾವುದೆಂಬುದು ಮೊದಲೇ ಗೊತ್ತಿತ್ತು, ಅದನ್ನು ಸರಿಪಡಿಸಿ ಎಂದು ಆ ಕಾರ್ಮಿಕರೇ ಬೀದಿಗಿಳಿದು ಕೇಳಿದ್ದರು, ಬೀಗ ಹಾಕಬಾರದೆಂಬ ಕಾನೂನೂ ಪುಸ್ತಕದಲ್ಲಿತ್ತು. ಇಷ್ಟೆಲ್ಲ ಇದ್ದೂ ಬಾಗಿಲು ಮುಚ್ಚಿಯೇ ಇತ್ತು, ನ್ಯಾಯಾಲಯದಲ್ಲಿ ಯಾರೂ ಹೊಣೆಗಾರರಾಗಲಿಲ್ಲ. ಹೊಣೆಯನ್ನು ನ್ಯಾಯಾಲಯ ಹುಡುಕಿದ ಬಗೆಗೂ ಆಮೇಲೆ ಶಾಸನಸಭೆಯ ಆಯೋಗವೊಂದು ಹುಡುಕಿದ ಬಗೆಗೂ ಇರುವ ವ್ಯತ್ಯಾಸವೇ ಈ ಪ್ರಕರಣದ ತಿರುಳು ಎಂಬುದು ನನ್ನ ಅಭಿಪ್ರಾಯ.

ಕಾರ್ಖಾನೆ ಮತ್ತು ಕಟ್ಟಡ

ಮ್ಯಾಕ್ಸ್ ಬ್ಲಾಂಕ್ ಮತ್ತು ಐಸಾಕ್ ಹ್ಯಾರಿಸ್ ಎಂಬಿಬ್ಬರು ಪಾಲುದಾರರ ಟ್ರಯಾಂಗಲ್ ವೇಸ್ಟ್ ಕಂಪನಿಯು ಹತ್ತು ಅಂತಸ್ತಿನ ಆ ಕಟ್ಟಡದ ಮೇಲಿನ ಮೂರು ಅಂತಸ್ತುಗಳನ್ನು ಬಾಡಿಗೆಗೆ ಪಡೆದಿತ್ತು. ಮಾಲೀಕರಿಬ್ಬರೂ ವಲಸೆ ಬಂದವರೇ, ಹೊಲಿಗೆಯ ಕಸುಬಿನಿಂದಲೇ ಮೇಲೆ ಬಂದವರು. ಅಲ್ಲಿ ತಯಾರಾಗುತ್ತಿದ್ದದ್ದು ‘ಶರ್ಟ್‌ವೇಸ್ಟ್’ ಎಂಬ ಹೆಂಗಸರ ಮೇಲಂಗಿ. ಕಚೇರಿಗಳಿಗೂ ಅಂಗಡಿಗಳಿಗೂ ಕೆಲಸಕ್ಕೆ ಹೊರಟ ಅಮೆರಿಕನ್ ಯುವತಿಯರು ಈ ಸಿದ್ಧ ಉಡುಪನ್ನು ಮೆಚ್ಚಿಕೊಂಡಿದ್ದರಿಂದ ನ್ಯೂಯಾರ್ಕಿನಲ್ಲಿ ಇದನ್ನು ಹೊಲಿಯುವ ನೂರಾರು ಕಾರ್ಖಾನೆಗಳು ಹುಟ್ಟಿಕೊಂಡಿದ್ದವು. ಹಿಂದೆ ಬಡವರ ವಸತಿಗಳ ಕತ್ತಲೆ ಕೋಣೆಗಳಲ್ಲಿ ಕಾಲಿನಿಂದ ತುಳಿಯುವ ಯಂತ್ರದ ಮೇಲೆ ನಡೆಯುತ್ತಿದ್ದ ಕೆಲಸ ವಿದ್ಯುತ್ ಬಂದ ಮೇಲೆ ಎತ್ತರದ ಕಟ್ಟಡಗಳ ವಿಶಾಲ ಹಜಾರಗಳಿಗೆ ಏರಿತು. ಬೆಳಕು, ಗಾಳಿ, ಎತ್ತರದ ಛಾವಣಿ, ಲಿಫ್ಟ್ ಎಲ್ಲವೂ ಇದ್ದ ಈ ಕಟ್ಟಡಗಳು ಆ ಕಾಲದವರ ಕಣ್ಣಿಗೆ ಸುಧಾರಣೆಯಾಗಿಯೇ ಕಂಡವು. 1901ರಲ್ಲಿ ಪೂರ್ಣಗೊಂಡ ಆಶ್ ಕಟ್ಟಡಕ್ಕೆ ಬೆಂಕಿ ತಾಳುವ ಕಟ್ಟಡವೆಂಬ ಹೆಸರೂ ಇತ್ತು. ಆ ಹೆಸರು ಸುಳ್ಳಾಗಿರಲಿಲ್ಲ: ಬೆಂಕಿ ಆರಿದ ಮೇಲೂ ಕಟ್ಟಡ ಗಟ್ಟಿಯಾಗಿಯೇ ನಿಂತಿತ್ತು. ಈಗಲೂ ನಿಂತಿದೆ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ತರಗತಿಗಳು ಅಲ್ಲಿ ನಡೆಯುತ್ತವೆ.

ಒಳಗಿದ್ದವರ ಪಾಲಿಗೆ ಮಾತ್ರ ಆ ಕಟ್ಟಡದಲ್ಲಿ ಒಂದೊಂದು ವಿನಾಯಿತಿಯೂ ಒಂದೊಂದು ದಾರಿಯನ್ನು ಕಸಿದುಕೊಂಡಿತ್ತು. 150 ಅಡಿಗಿಂತ ಎತ್ತರದ ಕಟ್ಟಡಗಳಲ್ಲಿ ಕಿಟಕಿಯ ಚೌಕಟ್ಟು ಲೋಹದ್ದೂ ನೆಲ ಕಲ್ಲಿನದೋ ಕಾಂಕ್ರೀಟಿನದೋ ಆಗಿರಬೇಕೆಂದು ನಿಯಮವಿತ್ತು. ಆಶ್ ಕಟ್ಟಡದ ಎತ್ತರ 135 ಅಡಿ. ಹಾಗಾಗಿ ನೆಲಕ್ಕೂ ಕಿಟಕಿಗಳಿಗೂ ಮರ ಬಳಸಲು ಅಡ್ಡಿಯಿರಲಿಲ್ಲ. ಅಂತಸ್ತೊಂದರ ವಿಸ್ತೀರ್ಣಕ್ಕೆ ತಕ್ಕಂತೆ ಮೂರು ಮೆಟ್ಟಿಲು ಸಾಲುಗಳು ಬೇಕಿದ್ದವು. ಹಿಂಬದಿಗೆ ಜೋಡಿಸುವ ಕಬ್ಬಿಣದ ತುರ್ತು ಏಣಿಯನ್ನೇ ಮೂರನೆಯದೆಂದು ಲೆಕ್ಕಕ್ಕೆ ಹಿಡಿಯಿರಿ ಎಂದು ವಾಸ್ತುಶಿಲ್ಪಿ ಅಧಿಕಾರಿಗಳನ್ನು ಒಪ್ಪಿಸಿದ. ಆ ಏಣಿ ರಸ್ತೆಗೆ ಇಳಿಯುತ್ತಿರಲಿಲ್ಲ. ನಾಲ್ಕು ಕಡೆ ಗೋಡೆಯಿದ್ದ ಹಿತ್ತಲಿನಲ್ಲಿ ಗಾಜಿನ ಛಾವಣಿಯೊಂದರ ಮೇಲಕ್ಕೆ ಬಂದು ಮುಗಿಯುತ್ತಿತ್ತು. ನೀರು ಚಿಮುಕಿಸುವ ಸ್ಪ್ರಿಂಕ್ಲರ್‌ಗಳು ಇರಲಿಲ್ಲ, ಅವನ್ನು ಹಾಕಲೇಬೇಕೆಂದು ಕಾನೂನೂ ಹೇಳಿರಲಿಲ್ಲ. ಬೆಂಕಿ ಬಿದ್ದರೆ ಹೊರಬರುವ ತಾಲೀಮು ಒಮ್ಮೆಯೂ ನಡೆದಿರಲಿಲ್ಲ. 1909ರಲ್ಲೇ ವಿಮೆಯ ಪರವಾಗಿ ಕಾರ್ಖಾನೆಯನ್ನು ನೋಡಿಹೋದ ತಜ್ಞರೊಬ್ಬರು ತಾಲೀಮು ಬೇಕೆಂದು ಸೂಚಿಸಿದ್ದರೂ ಅದು ಅಲ್ಲಿಗೇ ನಿಂತಿತು.

ಬಾಗಿಲಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಕಾರ್ಖಾನೆಯ ಬಾಗಿಲುಗಳು ‘ಸಾಧ್ಯವಿರುವಲ್ಲಿ’ ಹೊರಕ್ಕೆ ತೆರೆದುಕೊಳ್ಳುವಂತಿರಬೇಕು, ಕೆಲಸದ ವೇಳೆಯಲ್ಲಿ ಅವಕ್ಕೆ ಬೀಗವಾಗಲಿ ಅಗುಳಿಯಾಗಲಿ ಹಾಕಿರಬಾರದು ಎಂದು ರಾಜ್ಯದ ಕಾರ್ಮಿಕ ಕಾನೂನು ವಿಧಿಸಿತ್ತು. ಆಶ್ ಕಟ್ಟಡದಲ್ಲಿ ಮೆಟ್ಟಿಲು ಬಾಗಿಲಿಗೆ ತೀರ ಒತ್ತಿಕೊಂಡಿದ್ದು ಹೊರಕ್ಕೆ ತೆರೆಯಲು ಎಡೆಯೇ ಇರಲಿಲ್ಲವಾದ್ದರಿಂದ ‘ಸಾಧ್ಯವಿಲ್ಲ’ ಎಂಬ ಉತ್ತರ ಗೋಡೆ ಕಟ್ಟುವಾಗಲೇ ಸಿದ್ಧವಾಗಿತ್ತು. ಬಾಗಿಲುಗಳು ಒಳಕ್ಕೆ ತೆರೆದುಕೊಳ್ಳುತ್ತಿದ್ದವು. ಇನ್ನು ಬೀಗ: ಕೆಲಸ ಬಿಡುವ ಹೊತ್ತಿಗೆ ಎಲ್ಲರೂ ಗ್ರೀನ್ ಸ್ಟ್ರೀಟ್ ಕಡೆಯ ಒಂದೇ ದಾರಿಯಲ್ಲಿ ಸಾಲಾಗಿ ಹೋಗಬೇಕು, ಅಲ್ಲಿ ಕಾವಲುಗಾರ ಪ್ರತಿಯೊಬ್ಬಳ ಕೈಚೀಲ ಬಿಚ್ಚಿಸಿ ನೋಡುತ್ತಾನೆ, ಬಟ್ಟೆಯ ತುಂಡಾಗಲಿ ಲೇಸಾಗಲಿ ಹೊರಗೆ ಹೋಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾನೆ. ಈ ತಪಾಸಣೆ ನಡೆಯಬೇಕಾದರೆ ಇನ್ನೊಂದು ತುದಿಯ, ವಾಷಿಂಗ್ಟನ್ ಪ್ಲೇಸ್ ಕಡೆಯ ಬಾಗಿಲು ಮುಚ್ಚಿರಬೇಕಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಗೇಟಿನಲ್ಲಿ ಸಂಜೆಯ ಸಾಲನ್ನು ಕಂಡವರಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ.

ಮೊದಲೇ ಕೇಳಿದ್ದರು

ಬೆಂಕಿಗೆ ಹದಿನೆಂಟು ತಿಂಗಳ ಹಿಂದೆ, 1909ರ ಸೆಪ್ಟೆಂಬರಿನಲ್ಲಿ, ಸಂಘ ಸೇರಿದ್ದಾರೆಂಬ ಅನುಮಾನದ ಮೇಲೆ ಟ್ರಯಾಂಗಲ್ ಕಂಪನಿ ಕಾರ್ಮಿಕರನ್ನು ಹೊರಹಾಕಿತು, ಮುಷ್ಕರ ಶುರುವಾಯಿತು. ಬಾಗಿಲಲ್ಲಿ ಧರಣಿ ನಿಂತ ಹುಡುಗಿಯರನ್ನು ಬಾಡಿಗೆ ಗೂಂಡಾಗಳು ಹೊಡೆದರು, ಪೊಲೀಸರು ಹೊಡೆಸಿಕೊಂಡವರನ್ನೇ ಹಿಡಿದೊಯ್ದರು. ನವೆಂಬರ್ 22ರಂದು ಕೂಪರ್ ಯೂನಿಯನ್ ಸಭಾಂಗಣದಲ್ಲಿ ನಾಯಕರ ಉದ್ದುದ್ದ ಭಾಷಣಗಳ ನಡುವೆ ಕ್ಲಾರಾ ಲೆಮ್ಲಿಕ್ ಎಂಬ ಇಪ್ಪತ್ತರ ಹರೆಯದ ಹೊಲಿಗೆಗಾರ್ತಿ ವೇದಿಕೆ ಏರಿ, ಮಾತು ಸಾಕು, ಸಾರ್ವತ್ರಿಕ ಮುಷ್ಕರ ಹೂಡೋಣವೆಂದು ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ ಸೂಚಿಸಿದಳು. ಮರುದಿನದಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು.

ಅವರು ಕೇಳಿದ್ದು ಹೆಚ್ಚು ಕೂಲಿ, ಕಡಿಮೆ ಗಂಟೆ, ಸಂಘಕ್ಕೆ ಮಾನ್ಯತೆ. ಟ್ರಯಾಂಗಲ್ ಕಾರ್ಮಿಕರು ಅದರೊಡನೆ ಸರಿಯಾದ ತುರ್ತು ಏಣಿ ಮತ್ತು ಬೀಗವಿಲ್ಲದ ಬಾಗಿಲನ್ನೂ ಕೇಳಿದ್ದರು. 1910ರ ಫೆಬ್ರವರಿ ಹೊತ್ತಿಗೆ ಮುನ್ನೂರಕ್ಕೂ ಹೆಚ್ಚು ಕಂಪನಿಗಳು ಸಂಘದೊಡನೆ ಒಪ್ಪಂದಕ್ಕೆ ಸಹಿ ಹಾಕಿದವು. ಟ್ರಯಾಂಗಲ್ ಹಾಕಲಿಲ್ಲ. ಕೂಲಿ ಮತ್ತು ಸಮಯದಲ್ಲಿ ಅಷ್ಟಿಷ್ಟು ಸಡಿಲಿಸಿ ಹಳೆಯ ಕಾರ್ಮಿಕರನ್ನು ಒಳಗೆ ಸೇರಿಸಿಕೊಂಡ ಮಾಲೀಕರು, ಸಂಘದ ಪ್ರತಿನಿಧಿ ಕಾರ್ಖಾನೆಯೊಳಗೆ ಕಾಲಿಟ್ಟು ಬಾಗಿಲು ತೆರೆದಿದೆಯೇ ಎಂದು ನೋಡುವ ಅಧಿಕಾರವನ್ನು ಮಾತ್ರ ಕೊಡಲೊಪ್ಪಲಿಲ್ಲ. ಸಂಘದ ಮಾನ್ಯತೆಯೆಂಬುದು ಬರೀ ಪ್ರತಿಷ್ಠೆಯ ವಿಷಯವೆಂದು ಭಾವಿಸುವವರು ಈ ಒಂದು ಸಂಗತಿಯನ್ನು ಗಮನಿಸಬೇಕೆಂದು ನನಗನ್ನಿಸುತ್ತದೆ.

ಆ ಸಂಜೆ

ಎಂಟನೆಯ ಅಂತಸ್ತಿನಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜುಗಳಿದ್ದವು. ತೆಳುವಾದ ಹತ್ತಿ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಹರವಿ ಕತ್ತರಿಸಿದ ಮೇಲೆ ಉಳಿಯುವ ಚಿಂದಿ ಮೇಜಿನಡಿಯ ಮರದ ತೊಟ್ಟಿಗಳಿಗೆ ಬೀಳುತ್ತಿತ್ತು. ಅದಕ್ಕೂ ಬೆಲೆಯಿದ್ದುದರಿಂದ ಚಿಂದಿ ವ್ಯಾಪಾರಿ ಆಗಾಗ ಬಂದು ಕೊಂಡೊಯ್ಯುತ್ತಿದ್ದ. ಜನವರಿಯ ನಂತರ ಬಂದಿರಲಿಲ್ಲ. ಎರಡು ತಿಂಗಳ ಚಿಂದಿಗೆ ಬಹುಶಃ ಆರದ ಬೆಂಕಿಕಡ್ಡಿಯೋ ಸಿಗರೇಟಿನ ತುಣುಕೋ ಬಿತ್ತು. ಮೇಲೆ ತಂತಿಗೆ ತೂಗುಹಾಕಿದ್ದ ಕಾಗದದ ಅಚ್ಚುಗಳಿಗೂ ಉರಿ ತಾಗಿತು. ಬಕೆಟ್ಟುಗಳಲ್ಲಿ ನೀರು ಎರಚಿದರು, ಸಾಲಲಿಲ್ಲ; ಮೆಟ್ಟಿಲ ಬಳಿಯ ಕೊಳವೆಯನ್ನು ಎಳೆದು ತಂದರು, ನೀರು ಬರಲಿಲ್ಲ.

ಎಂಟನೆಯ ಅಂತಸ್ತಿನಿಂದ ಹತ್ತನೆಯ ಅಂತಸ್ತಿನ ಕಚೇರಿಗೆ ದೂರವಾಣಿಯಲ್ಲಿ ಸುದ್ದಿ ಹೋಯಿತು. ಮಾಲೀಕರಿಬ್ಬರೂ ಅಲ್ಲಿದ್ದರು, ಆ ದಿನ ಬ್ಲಾಂಕ್‌ನ ಮಕ್ಕಳೂ ಬಂದಿದ್ದರು. ಅಲ್ಲಿದ್ದ ಹೆಚ್ಚಿನವರು ಛಾವಣಿಗೆ ಹತ್ತಿದರು, ಪಕ್ಕದ ಎತ್ತರದ ಕಟ್ಟಡದಲ್ಲಿದ್ದ ಕಾನೂನು ವಿದ್ಯಾರ್ಥಿಗಳು ಏಣಿ ಇಳಿಸಿ ಅವರನ್ನು ಮೇಲಕ್ಕೆಳೆದುಕೊಂಡರು. ನಡುವಿನ ಒಂಬತ್ತನೆಯ ಅಂತಸ್ತಿಗೆ ಸುದ್ದಿ ತಲುಪಲಿಲ್ಲ. ಬೆಂಕಿಯೇ ಸುದ್ದಿ ತಂದಿತು.

ಒಂಬತ್ತರಲ್ಲಿ ಸುಮಾರು 250 ಮಂದಿ ಇದ್ದರು, 240 ಹೊಲಿಗೆ ಯಂತ್ರಗಳಿದ್ದವು. ಎಂಟು ಉದ್ದನೆಯ ಮೇಜುಗಳ ಅಡಿಯಲ್ಲಿ ಹಾದುಹೋಗುವ ತಿರುಗುದಂಡಗಳು ಎಲ್ಲ ಯಂತ್ರಗಳನ್ನೂ ನಡೆಸುತ್ತಿದ್ದುದರಿಂದ ಸಾಲಿನ ನಡುವೆ ಎಲ್ಲೂ ಅಡ್ಡ ದಾರಿ ಬಿಟ್ಟಿರಲಿಲ್ಲ. ಎದ್ದವಳು ಕುರ್ಚಿ ಮತ್ತು ಬಟ್ಟೆಯ ಬುಟ್ಟಿಗಳನ್ನು ದಾಟುತ್ತ ಮೇಜಿನ ತುದಿಯವರೆಗೂ ಹೋಗಲೇಬೇಕಿತ್ತು. ಗ್ರೀನ್ ಸ್ಟ್ರೀಟ್ ಮೆಟ್ಟಿಲಿನಿಂದ ಮೊದಲ ಕ್ಷಣಗಳಲ್ಲಿ ಓಡಿದವರು ಬದುಕಿದರು. ಆಮೇಲೆ ಅಲ್ಲಿ ಜ್ವಾಲೆ ಅಡ್ಡಬಂತು. ಹಿಂಬದಿಯ ಕಬ್ಬಿಣದ ಏಣಿ ಭಾರಕ್ಕೂ ಶಾಖಕ್ಕೂ ಬಾಗಿ ಗೋಡೆಯಿಂದ ಕಿತ್ತುಬಂದು ಅದರ ಮೇಲಿದ್ದವರನ್ನೆಲ್ಲ ಕೆಳಕ್ಕೆ ಕೆಡವಿತು. ಜೋಸೆಫ್ ಜಿಟೊ ಮತ್ತು ಗ್ಯಾಸ್ಪರ್ ಮೊರ್ಟಿಲಾಲೊ ಎಂಬ ಇಬ್ಬರು ಲಿಫ್ಟ್ ನಿರ್ವಾಹಕರು ಹೊಗೆಯ ನಡುವೆ ಮತ್ತೆ ಮತ್ತೆ ಮೇಲೆ ಹೋಗಿ ಹಿಡಿದಷ್ಟು ಜನರನ್ನು ತುಂಬಿಕೊಂಡು ಇಳಿದರು. ಈ ಪ್ರಕರಣದಲ್ಲಿ ತಮ್ಮ ಕೆಲಸವನ್ನು ಕೊನೆಯವರೆಗೂ ಮಾಡಿದವರು ಯಾರೆಂದು ಕೇಳಿದರೆ ನಾನು ಮೊದಲು ಹೇಳುವುದು ಈ ಇಬ್ಬರ ಹೆಸರನ್ನು. ಲಿಫ್ಟಿನ ಕಂಬಿಗಳು ಕಾವಿಗೆ ಬಾಗಿ, ಲಿಫ್ಟ್ ಓಡಾಡುವ ಗುಂಡಿಯೊಳಕ್ಕೆ ಹಾರಿದವರ ದೇಹಗಳು ಲಿಫ್ಟಿನ ಮೇಲೆ ಬೀಳತೊಡಗಿದಾಗ ಅದೂ ನಿಂತಿತು.

ಉಳಿದದ್ದು ವಾಷಿಂಗ್ಟನ್ ಪ್ಲೇಸ್ ಕಡೆಯ ಬಾಗಿಲು. ಅದರ ಬಳಿ ಸೇರಿದವರು ಹಿಡಿಯನ್ನು ತಿರುಗಿಸಿದರು, ಎಳೆದರು, ಬಡಿದರು. ಅದು ತೆರೆಯಲಿಲ್ಲ.

ಅಗ್ನಿಶಾಮಕ ದಳ ಕೆಲವೇ ನಿಮಿಷಗಳಲ್ಲಿ ಬಂದಿತ್ತು. ಅವರ ಅತಿ ಉದ್ದದ ಏಣಿ ಆರನೆಯ ಅಂತಸ್ತಿನವರೆಗೆ ಮಾತ್ರ ಮುಟ್ಟಿತು. ಕಿಟಕಿಯ ಅಂಚಿಗೆ ಬಂದು ನಿಂತವರು ಒಬ್ಬೊಬ್ಬರಾಗಿ, ಕೆಲವರು ಕೈ ಕೈ ಹಿಡಿದುಕೊಂಡು, ಹಾರಿದರು. ಕೆಳಗೆ ಹಿಡಿದ ಬಲೆಗಳು ಆ ವೇಗಕ್ಕೆ ಹರಿದುಹೋದವು. ಐವತ್ತಕ್ಕೂ ಹೆಚ್ಚು ಮಂದಿ ಹೀಗೆ ಕಾಲುದಾರಿಯ ಮೇಲೆ ಬಿದ್ದು ಸತ್ತರು. ನೋಡುತ್ತ ನಿಂತ ಜನರ ನಡುವೆ, ಹತ್ತಿರದ ಮನೆಯೊಂದರಲ್ಲಿ ಚಹಾಕ್ಕೆ ಬಂದಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಎಂಬ ಮೂವತ್ತರ ಹರೆಯದ ಸಾಮಾಜಿಕ ಕಾರ್ಯಕರ್ತೆ ಇದ್ದರು.

ನ್ಯಾಯಾಲಯ ಕೇಳಿದ ಪ್ರಶ್ನೆ

ಏಪ್ರಿಲ್‌ನಲ್ಲಿ ಮಾಲೀಕರ ಮೇಲೆ ನರಹತ್ಯೆಯ ಆರೋಪ ಹೊರಿಸಲಾಯಿತು. ಡಿಸೆಂಬರ್ 4ರಂದು ನ್ಯಾಯಾಧೀಶ ಥಾಮಸ್ ಕ್ರೇನ್ ಅವರೆದುರು ವಿಚಾರಣೆ ಮೊದಲಾಯಿತು. ಸರ್ಕಾರಿ ವಕೀಲ ಚಾರ್ಲ್ಸ್ ಬಾಸ್ಟ್‌ವಿಕ್ 146 ಸಾವುಗಳನ್ನು ಒಟ್ಟಾಗಿ ಮುಂದಿಡದೆ, ಮಾರ್ಗರೆಟ್ ಶ್ವಾರ್ಟ್ಸ್ ಎಂಬ ಒಬ್ಬ ಕಾರ್ಮಿಕಳ ಸಾವನ್ನು ಆಯ್ದುಕೊಂಡು, ಆಕೆ ಬೀಗ ಹಾಕಿದ ಆ ಬಾಗಿಲಿನಿಂದಾಗಿಯೇ ಸತ್ತಳೆಂದು ಸಾಬೀತುಪಡಿಸಲು ಹೊರಟರು. ನೂರಕ್ಕೂ ಹೆಚ್ಚು ಸಾಕ್ಷಿಗಳು ಬಂದರು. ಅವಶೇಷಗಳಿಂದ ಹೆಕ್ಕಿ ತೆಗೆದ ಬೀಗದ ಒಂದು ಸುಟ್ಟ ಭಾಗವೂ ಜ್ಯೂರಿಯ ಮುಂದೆ ಬಂದಿತು. ಕಳ್ಳತನದ ಭಯದಿಂದ ಬಾಗಿಲು ಮುಚ್ಚಿಸುತ್ತಿದ್ದ ಹ್ಯಾರಿಸ್, ಕಳುವಾದ ಮಾಲಿನ ಬೆಲೆ ಎಷ್ಟಾದೀತೆಂಬ ಪ್ರಶ್ನೆಗೆ 25 ಡಾಲರ್ ಮೀರದೆಂದು ಒಪ್ಪಿಕೊಳ್ಳಬೇಕಾಯಿತು.

ಮಾಲೀಕರ ಪರ ವಕೀಲ ಮ್ಯಾಕ್ಸ್ ಸ್ಟೂಅರ್ ಸ್ವತಃ ವಲಸಿಗ, ಅಸಾಧಾರಣ ಚಾಣಾಕ್ಷ. ಮಾರ್ಗರೆಟ್ಟಳ ಜೊತೆಗಿದ್ದ ಕೇಟ್ ಆಲ್ಟರ್‌ಮನ್ ಎಂಬ ಹುಡುಗಿ, ಗೆಳತಿ ಬಾಗಿಲ ಬಳಿ ಮಂಡಿಯೂರಿ ಕಿರುಚಿದ್ದನ್ನು ಹೇಳಿ ಇಡೀ ನ್ಯಾಯಾಲಯವನ್ನು ಕಲಕಿಬಿಟ್ಟಿದ್ದಳು. ಪಾಟೀಸವಾಲಿನಲ್ಲಿ ಸ್ಟೂಅರ್ ಆಕೆಯನ್ನು ಗದರಿಸಲಿಲ್ಲ. ಇನ್ನೊಮ್ಮೆ ಹೇಳಮ್ಮ ಎಂಬಷ್ಟು ಮೃದುವಾಗಿ ಕೇಳಿದರು. ಆಕೆ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಹೇಳಿದಳು. ಮತ್ತೊಮ್ಮೆ ಕೇಳಿದರು, ಒಂದು ಪದ ಬಿಟ್ಟುಹೋದಾಗ ಅದನ್ನು ಮರೆತೆಯಲ್ಲವೇ ಎಂದರು, ಆಕೆ ಸೇರಿಸಿಕೊಂಡಳು. ಇದು ಕಂಡದ್ದಲ್ಲ, ಬಾಯಿಪಾಠ ಮಾಡಿಸಿದ್ದು ಎಂಬ ಭಾವನೆಯನ್ನು ಜ್ಯೂರಿಯ ಮನಸ್ಸಿನಲ್ಲಿ ಬಿತ್ತಲು ಅವರಿಗೆ ಅಷ್ಟು ಸಾಕಾಗಿತ್ತು. ಸಾವಿನ ಬಾಯಿಂದ ಪಾರಾಗಿ ಬಂದವಳು, ಇಂಗ್ಲಿಷನ್ನು ಅಮೆರಿಕಕ್ಕೆ ಬಂದ ಮೇಲೆ ಕಲಿತವಳು, ತಿಂಗಳುಗಟ್ಟಲೆ ಅದೇ ಕಥೆಯನ್ನು ವಕೀಲರಿಗೂ ಬಂಧುಗಳಿಗೂ ಹೇಳಬೇಕಾಗಿ ಬಂದವಳು ಅದೇ ಮಾತುಗಳಿಗೆ ಅಂಟಿಕೊಳ್ಳುವುದು ಸಹಜವಲ್ಲವೇ ಎಂದು ಯೋಚಿಸುವ ವ್ಯವಧಾನ ಆ ಕಟಕಟೆಯ ಸುತ್ತ ಇರಲಿಲ್ಲ.

ಆದರೆ ತೀರ್ಪನ್ನು ಬರೀ ಈ ಚಾತುರ್ಯದ ತಲೆಗೆ ಕಟ್ಟುವುದು ಸರಿಯಲ್ಲ. ಬಾಗಿಲಿಗೆ ಬೀಗ ಹಾಕಿತ್ತೆಂದು ನಂಬಿದರಷ್ಟೇ ಸಾಲದು, ಆ ಹೊತ್ತಿನಲ್ಲಿ ಅದಕ್ಕೆ ಬೀಗ ಹಾಕಿತ್ತೆಂಬುದು ಆರೋಪಿಗಳಿಗೆ ಖುದ್ದಾಗಿ ತಿಳಿದಿತ್ತೆಂದೂ ಸಂಶಯಕ್ಕೆಡೆಯಿಲ್ಲದಂತೆ ಮನವರಿಕೆಯಾಗಬೇಕೆಂದು ನ್ಯಾಯಾಧೀಶರು ಜ್ಯೂರಿಗೆ ಸೂಚಿಸಿದರು. ಬಾಗಿಲಲ್ಲಿ ದಾರಕ್ಕೆ ಕಟ್ಟಿದ ಕೀಲಿ ಸದಾ ಇರುತ್ತಿತ್ತೆಂದು ಕಂಪನಿಯ ಕಡೆಯವರು ಹೇಳಿದ್ದರು. ನೂರಾರು ಜನ ದುಡಿಯುವ ಜಾಗದಲ್ಲಿ ಮಾಲೀಕ ಹತ್ತನೆಯ ಅಂತಸ್ತಿನಲ್ಲಿ ಕುಳಿತಿರುತ್ತಾನೆ, ಕೀಲಿ ಯಾರದೋ ಕೈಯಲ್ಲಿರುತ್ತದೆ. ಒಬ್ಬನು ಇನ್ನೊಬ್ಬನನ್ನು ಕೊಂದ ಪ್ರಕರಣಗಳಿಗೆಂದು ರೂಪುಗೊಂಡ ಕಾನೂನು, ಇಲ್ಲಿಯೂ ಒಬ್ಬ ಮನುಷ್ಯನ ಆ ಕ್ಷಣದ ಅರಿವನ್ನೇ ಹುಡುಕುತ್ತಿತ್ತು. ಡಿಸೆಂಬರ್ 27ರಂದು ಜ್ಯೂರಿ ಎರಡು ಗಂಟೆಯೊಳಗೆ ಹೊರಬಂದು ಇಬ್ಬರನ್ನೂ ಖುಲಾಸೆ ಮಾಡಿತು. ಮರುವರ್ಷ ಇನ್ನೊಂದು ಸಾವಿನ ಆರೋಪದಡಿ ವಿಚಾರಣೆಗೆ ಎಳೆಯುವ ಯತ್ನವೂ, ಒಂದೇ ಅಪರಾಧಕ್ಕೆ ಎರಡು ಬಾರಿ ವಿಚಾರಣೆ ಸಲ್ಲದೆಂಬ ಕಾರಣಕ್ಕೆ ಬಿದ್ದುಹೋಯಿತು.

ಪರಿಹಾರದ ಕಥೆ ಇನ್ನೂ ನೋವಿನದು. ಅಪಾಯಕಾರಿ ಉದ್ಯೋಗಗಳಲ್ಲಿ ಗಾಯಗೊಂಡ ಕಾರ್ಮಿಕರಿಗೆ ಮಾಲೀಕರು ಪರಿಹಾರ ಕೊಡಲೇಬೇಕೆಂದು ನ್ಯೂಯಾರ್ಕ್ 1910ರಲ್ಲಿ ಕಾನೂನು ಮಾಡಿತ್ತು. ತಪ್ಪು ಸಾಬೀತಾಗದೆ ಹಣ ಕೊಡಿಸುವುದು ಮಾಲೀಕರ ಆಸ್ತಿಯನ್ನು ಕಸಿದಂತೆ ಎಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ರದ್ದುಪಡಿಸಿದ್ದು 1911ರ ಮಾರ್ಚ್ 24ರಂದು, ಬೆಂಕಿಯ ಹಿಂದಿನ ದಿನ. ಹೊಲಿಗೆ ಕಾರ್ಮಿಕರಿಗೆ ಆ ಕಾನೂನು ನೇರವಾಗಿ ಅನ್ವಯಿಸುತ್ತಿರಲಿಲ್ಲವಾದರೂ ಕಾಲದ ಮನೋಭಾವವನ್ನು ಈ ಎರಡು ದಿನಾಂಕಗಳು ಸ್ಪಷ್ಟವಾಗಿ ತೋರಿಸುತ್ತವೆ. ಸಿವಿಲ್ ದಾವೆ ಹೂಡಿದ 23 ಕುಟುಂಬಗಳಿಗೆ 1914ರಲ್ಲಿ ತಲಾ ಒಂದು ಜೀವಕ್ಕೆ 75 ಡಾಲರಿನಂತೆ ರಾಜಿಯಾಯಿತು. ಮಾಲೀಕರಿಗೆ ಬಂದ ವಿಮಾ ಹಣ ದಾಖಲೆಯಲ್ಲಿ ತೋರಿಸಿದ ನಷ್ಟಕ್ಕಿಂತ ಸುಮಾರು 60,000 ಡಾಲರ್ ಹೆಚ್ಚಾಗಿತ್ತು. ಲೆಕ್ಕ ಹಾಕಿದರೆ ಸತ್ತವರೊಬ್ಬರಿಗೆ 400 ಡಾಲರಿಗೂ ಮಿಕ್ಕಿ. 1913ರಲ್ಲಿ ಬೇರೊಂದು ಕಾರ್ಖಾನೆಯಲ್ಲಿ ಕೆಲಸದ ವೇಳೆ ಬಾಗಿಲಿಗೆ ಬೀಗ ಹಾಕಿಸಿದ್ದಕ್ಕಾಗಿ ಬ್ಲಾಂಕ್ ಮತ್ತೆ ಸಿಕ್ಕಿಬಿದ್ದಾಗ ದಂಡ 20 ಡಾಲರ್.

ಆಯೋಗ ಕೇಳಿದ ಪ್ರಶ್ನೆ

ಏಪ್ರಿಲ್ 5ರಂದು, ಗುರುತು ಸಿಗದ ಶವಗಳ ಅಂತ್ಯಸಂಸ್ಕಾರದ ದಿನ, ಸುರಿಯುವ ಮಳೆಯಲ್ಲಿ ಲಕ್ಷಕ್ಕೂ ಹೆಚ್ಚು ಜನ ಮೌನವಾಗಿ ನಡೆದರು. ಅದಕ್ಕೆ ಮೂರು ದಿನ ಮೊದಲು ಮೆಟ್ರೊಪಾಲಿಟನ್ ಒಪೆರಾ ಹೌಸಿನಲ್ಲಿ ಸಿರಿವಂತರೂ ಸುಧಾರಕರೂ ಸೇರಿದ್ದ ಸಭೆಯಲ್ಲಿ ಸಂಘಟಕಿ ರೋಸ್ ಶ್ನೈಡರ್‌ಮನ್, ನಿಮ್ಮ ಅನುಕಂಪ ಮತ್ತು ದಾನವನ್ನು ನಾವು ಹಿಂದೆಯೇ ನೋಡಿದ್ದೇವೆ, ಕಾರ್ಮಿಕರು ತಮ್ಮನ್ನು ತಾವೇ ಕಾಪಾಡಿಕೊಳ್ಳದೆ ಬೇರೆ ದಾರಿಯಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದ್ದರು. ಈ ಒತ್ತಡಕ್ಕೆ ರಾಜ್ಯದ ಶಾಸನಸಭೆ ಜೂನ್ ಕೊನೆಯಲ್ಲಿ ಕಾರ್ಖಾನೆ ತನಿಖಾ ಆಯೋಗವನ್ನು ನೇಮಿಸಿತು. ಅಧ್ಯಕ್ಷ ರಾಬರ್ಟ್ ವ್ಯಾಗ್ನರ್, ಉಪಾಧ್ಯಕ್ಷ ಆಲ್ ಸ್ಮಿತ್. ಇಬ್ಬರೂ ಟ್ಯಾಮನಿ ಹಾಲ್ ಎಂಬ, ನಗರದ ಡೆಮಾಕ್ರಟಿಕ್ ಪಕ್ಷವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಸಂಘಟನೆಯಿಂದ ಬೆಳೆದು ಬಂದ ರಾಜಕಾರಣಿಗಳು. ಮುಷ್ಕರದ ಕಾಲದಲ್ಲಿ ಪೊಲೀಸರ ಲಾಠಿಯ ಹಿಂದೆ ಇದ್ದದ್ದು ಇದೇ ಟ್ಯಾಮನಿ ಆಡಳಿತ. ವಲಸಿಗರ ಮತಗಳು ಕೈಬಿಟ್ಟುಹೋಗುವ ಭಯವೂ ಅವರನ್ನು ಈ ಕೆಲಸಕ್ಕೆ ದೂಡಿತೆಂಬುದು ನಿಜ, ಹಾಗೆಂದು ಅವರು ಮಾಡಿದ ಕೆಲಸದ ಬೆಲೆ ಕಡಿಮೆಯಾಗುವುದಿಲ್ಲ.

ಆಯೋಗಕ್ಕೆ ಟ್ರಯಾಂಗಲ್ ಮಾಲೀಕರ ಅಪರಾಧ ತೀರ್ಮಾನಿಸುವ ಹೊಣೆಯಿರಲಿಲ್ಲ. ಒಂದು ಅಂತಸ್ತಿನಲ್ಲಿ ಎಷ್ಟು ಜನರಿದ್ದಾರೆ, ಮೆಟ್ಟಿಲ ಅಗಲವೆಷ್ಟು, ಇಷ್ಟು ಮೆಟ್ಟಿಲಿನಲ್ಲಿ ಅಷ್ಟು ಜನ ಎಷ್ಟು ಹೊತ್ತಿನಲ್ಲಿ ಇಳಿದಾರು, ಇದನ್ನು ನೋಡಬೇಕಾದ ತನಿಖಾಧಿಕಾರಿ ಯಾವ ಇಲಾಖೆಯವನು ಎಂಬುದು ಅದರ ಪ್ರಶ್ನೆಗಳಾಗಿದ್ದವು. ಮೊದಲ ವರ್ಷದಲ್ಲೇ 222 ಸಾಕ್ಷಿಗಳನ್ನು ಕೇಳಿ, 1,836 ಕಾರ್ಖಾನೆಗಳನ್ನು ಪರಿಶೀಲಿಸಿತು. ಆಯೋಗಕ್ಕಾಗಿ ದುಡಿದ ಪರ್ಕಿನ್ಸ್ ಮುಂದೆ ನೆನಪಿಸಿಕೊಂಡಂತೆ, ಅವರು ಸ್ಮಿತ್‌ರನ್ನು ಹಗ್ಗದ ಕಾರ್ಖಾನೆಯೊಂದಕ್ಕೆ ಕರೆದೊಯ್ದು ರಾತ್ರಿಪಾಳಿ ಮುಗಿಸಿ ಬಳಲಿ ಹೊರಬರುವ ಹೆಂಗಸರನ್ನು ತೋರಿಸಿದರು; ‘ತುರ್ತು ದಾರಿ’ ಎಂದು ಬರೆದಿದ್ದ ಗೋಡೆಯ ಕಿಂಡಿಯೊಂದರಲ್ಲಿ ವ್ಯಾಗ್ನರ್‌ರನ್ನು ತೆವಳಿಸಿ, ಅದರಾಚೆ ಹಿಮಗಟ್ಟಿದ್ದ, ನೆಲಕ್ಕೆ ಹಲವು ಅಡಿ ಮೇಲೆಯೇ ಮುಗಿದುಹೋಗುವ ಕಬ್ಬಿಣದ ಏಣಿಯನ್ನು ತೋರಿಸಿದರು.

1911ರಿಂದ 1914ರವರೆಗೆ ಈ ಆಯೋಗದ ಶಿಫಾರಸಿನಂತೆ ಮೂವತ್ತಕ್ಕೂ ಹೆಚ್ಚು ಕಾನೂನುಗಳು ಬಂದವು. ಏಳನೆಯ ಅಂತಸ್ತಿನ ಮೇಲೆ 200ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಸ್ಪ್ರಿಂಕ್ಲರ್, ನಿಗದಿತ ಕಾಲಕ್ಕೆ ಅಗ್ನಿ ತಾಲೀಮು, ಮೆಟ್ಟಿಲಿನ ಅಳತೆಗೆ ತಕ್ಕಷ್ಟೇ ಜನ, ಕಾರ್ಖಾನೆಗಳಲ್ಲಿ ಧೂಮಪಾನ ನಿಷೇಧ, ಕಾರ್ಖಾನೆಗಳ ನೋಂದಣಿ, ಹೆಂಗಸರಿಗೆ ವಾರಕ್ಕೆ 54 ಗಂಟೆಯ ಮಿತಿ ಅವುಗಳಲ್ಲಿ ಸೇರಿದ್ದವು. ಇವೆಲ್ಲಕ್ಕಿಂತ ಮುಖ್ಯವೆಂದು ನಾನು ಎಣಿಸುವುದು 1913ರ ಸುಧಾರಣೆಯನ್ನು. ಕಾರ್ಮಿಕ ಇಲಾಖೆಯನ್ನು ಮರುರೂಪಿಸಿ, ವಿವರವಾದ ಸುರಕ್ಷಾ ನಿಯಮಗಳನ್ನು ರಚಿಸುವ ಅಧಿಕಾರವನ್ನು ಕೈಗಾರಿಕಾ ಮಂಡಳಿಯೊಂದಕ್ಕೆ ಅದು ಕೊಟ್ಟಿತು. ‘ಸಾಧ್ಯವಿರುವಲ್ಲಿ’ ಎಂಬ ಪದದ ಅರ್ಥವನ್ನು ಇನ್ನು ಮುಂದೆ ಕಟ್ಟಡದ ಮಾಲೀಕ ಹೇಳಬೇಕಾಗಿರಲಿಲ್ಲ. ರದ್ದಾಗಿದ್ದ ಪರಿಹಾರ ಕಾನೂನಿಗೂ ದಾರಿಯಾಯಿತು: 1913ರ ನವೆಂಬರಿನಲ್ಲಿ ಮತದಾರರು ರಾಜ್ಯದ ಸಂವಿಧಾನವನ್ನೇ ತಿದ್ದಿದರು, ಹೊಸ ಕಾನೂನು 1914ರಲ್ಲಿ, ಯುರೋಪಿನಲ್ಲಿ ಯುದ್ಧ ಸಿಡಿದ ವರ್ಷದಲ್ಲಿ, ಜಾರಿಗೆ ಬಂದಿತು. ಪರ್ಕಿನ್ಸ್ 1933ರಲ್ಲಿ ಅಮೆರಿಕದ ಕಾರ್ಮಿಕ ಕಾರ್ಯದರ್ಶಿಯಾದರು. ಕೇಂದ್ರ ಸಂಪುಟ ಸೇರಿದ ಮೊದಲ ಮಹಿಳೆ ಅವರೇ.

ಈ ಸಾಧನೆಯ ಎಲ್ಲೆಗಳನ್ನೂ ದಾಖಲಿಸಬೇಕು. 54 ಗಂಟೆಯ ಮಸೂದೆ 1912ರಲ್ಲಿ ಅಂಗೀಕಾರವಾದದ್ದು ಹಣ್ಣು ತರಕಾರಿಗಳನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳ ಹೆಂಗಸರನ್ನು ಹೊರಗಿಟ್ಟ ಮೇಲೆಯೇ; ಪರ್ಕಿನ್ಸ್ ಆ ರಾಜಿಯನ್ನು ನೊಂದುಕೊಂಡೇ ಒಪ್ಪಿದ್ದರು. ಸಂಘಕ್ಕೆ ಮಾನ್ಯತೆ ಕೊಡಬೇಕೆಂದು ಯಾವ ಮಾಲೀಕನನ್ನೂ ಕಟ್ಟುಪಾಡಿಗೆ ಒಳಪಡಿಸುವ ಕಾನೂನು ಆಗ ಬರಲಿಲ್ಲ. 1909ರ ಚಳಿಯಲ್ಲಿ ಬೀದಿಯಲ್ಲಿ ನಿಂತವರ ಪಟ್ಟಿಯಲ್ಲಿ ಮೊದಲನೆಯದಾಗಿದ್ದ ಕೂಲಿಯ ವಿಷಯವನ್ನು ಆಯೋಗ ತನ್ನ ಕೊನೆಯ ಹಂತದಲ್ಲಿ ಕೈಗೆತ್ತಿಕೊಂಡು, ಹೆಂಗಸರಿಗೂ ಮಕ್ಕಳಿಗೂ ಕನಿಷ್ಠ ವೇತನ ಗೊತ್ತುಪಡಿಸಬೇಕೆಂದು 1915ರಲ್ಲಿ ಶಿಫಾರಸು ಮಾಡಿತು. ಶಾಸನಸಭೆ ಅದನ್ನು ಅಂಗೀಕರಿಸಲಿಲ್ಲ. ನ್ಯೂಯಾರ್ಕಿನ ಹೆಂಗಸರಿಗೆ ಮೊದಲ ಕನಿಷ್ಠ ವೇತನ ಕಾನೂನು ಬಂದದ್ದು 1933ರಲ್ಲಿ.